ಗುರುತು ಹತ್ತಿಲ್ಲ

ಗಲ್ಸ್ ಟಿಕಲ್ ಇತಿಹಾಸ ಸಂಘಕ್ಕೆ ನಾವು ಐದು ಜನ.
ಆರಿದ್ದೆವು; ಮಾರ್ಚಿನಲ್ಲಿ ಖಜಾಂಚಿ ಕ್ಲೆಮ್ ತೀರಿಕೊಂಡ.
ಸಂಘ ಇರುವುದು ಹಳೆಯ ಉಪ್ಪಿನ ಮಳಿಗೆಯಲ್ಲಿ.
ಎಷ್ಟು ಒರೆಸಿದರೂ ಗೋಡೆ ಬೆವರುತ್ತದೆ,
ನಾಲಗೆಗೆ ತಾಗಿಸಿದರೆ ಇವತ್ತಿಗೂ ಉಪ್ಪು.
ಕಾಗದಕ್ಕೆ ಇದು ಒಳ್ಳೆಯದಲ್ಲ,
ಎಂದಳು ಸೇಂಟ್ ಜಾನ್ಸಿನಿಂದ ಬಂದ ತಜ್ಞೆ.
ಮೀನಿಗೆ ಒಳ್ಳೆಯದಿತ್ತು, ಎಂದ ಆಂಬ್ರೋಸ್.

ಮಂಗಳವಾರ ಮಧ್ಯಾಹ್ನ ನನ್ನ ಪಾಳಿ.
ಬಂದದ್ದನ್ನು ಬರೆದುಕೊಳ್ಳುತ್ತೇನೆ:
ಬಲೆ ಹೆಣೆಯುವ ಮರದ ಸೂಜಿ, ಒಂದು.
ಗೋಣಿಗೆ ಚಿಂದಿಬಟ್ಟೆ ಸಿಕ್ಕಿಸಿದ ಚಾಪೆ,
ನಾಯಿಯೋ ಕುರಿಯೋ ಚಿತ್ರ, ಒಂದು.
ಅಕಾರ್ಡಿಯನ್, ಉಸಿರಿಲ್ಲದ್ದು, ಒಂದು.

ಈ ವಾರ ಬಂದದ್ದು ಬಿಸ್ಕತ್ತಿನ ಡಬ್ಬಿ.
ಒಳಗೆ ಒಂದು ಟೇಪು, ಒಂದು ಫೋಟೊ:
ಕ್ರಿಸ್‌ಮಸ್ಸಿನ ಹನ್ನೆರಡು ರಾತ್ರಿ
ವೇಷ ಹಾಕಿ ಮನೆಮನೆ ಹೊಕ್ಕವರು.
ಮುಖಕ್ಕೆ ಕಿಟಕಿಯ ಪರದೆ, ಬೆನ್ನಿಗೆ ದಿಂಬು,
ಲಂಗ ತೊಟ್ಟ ಗಂಡಸರು,
ಗಂಡನ ಮಳೆಯಂಗಿ, ಗಂಡನ ಬೂಟಿನಲ್ಲಿ ಹೆಂಗಸರು.
ಉಸಿರು ಒಳಗೆಳೆದುಕೊಂಡೇ ಮಾತಾಡಬೇಕು,
ದನಿಯ ಗುರುತು ಹತ್ತಬಾರದು.
ಮನೆಯವರು ಹೆಸರು ಹಿಡಿದು ಕರೆದರೆ ಮಾತ್ರ
ಪರದೆ ಎತ್ತಬೇಕು,
ಆಮೇಲೆ ಕೇಕು, ಒಂದು ಗುಟುಕು ರಮ್ಮು.

ಟೇಪು ಹಾಕಿದೆ. ಕೊರಕೊರ. ಬಾಗಿಲು ಬಡಿದ ಸದ್ದು.
"ವೇಷದವರನ್ನ ಒಳಗೆ ಬಿಡ್ತೀರಾ?"
ಖಾಲಿ ಕೊಡ ನೀರು ನುಂಗಿದಂಥ ದನಿ,
ಯಾರದ್ದೂ ಅಲ್ಲದ್ದು.
ಆಮೇಲೆ ಕೆಮ್ಮು.

ಕೆಮ್ಮನ್ನು ಒಳಗೆಳೆದುಕೊಳ್ಳಲು ಯಾರಿಗೂ ಬರುವುದಿಲ್ಲ.

ಗೋಡೆಯಾಚೆ ಅದನ್ನು ಕೇಳುತ್ತಲೇ ನಾನು ನಿದ್ದೆ ಕಲಿತದ್ದು.
ಡಬ್ಬಿಯ ಮೇಲೆ ಇಸವಿ ಇದೆ.
ಆ ಚಳಿಗಾಲ ಅಮ್ಮ ಹಾಸಿಗೆ ಬಿಟ್ಟು ಏಳಲೇ ಇಲ್ಲ
ಎಂದು ನಮಗೆ ಹೇಳಿದ್ದರು.
ಪಕ್ಕದ ಮನೆಯಲ್ಲಿ ನಮ್ಮನ್ನು ಮಲಗಿಸಿದ್ದರು.
ಫೋಟೊ ಮತ್ತೆ ತೆಗೆದೆ:
ಎಡತುದಿಯಲ್ಲಿ ಅಪ್ಪನ ಬೂಟು,
ಒಂದು ನೆಲದಲ್ಲಿ,
ಒಂದು ಗಾಳಿಯಲ್ಲಿ.

ದಾಖಲೆ ಪುಸ್ತಕದಲ್ಲಿ ಹೆಸರಿಗೊಂದು ಅಂಕಣ ಇದೆ.
ಪೆನ್ಸಿಲ್ ಚೂಪು ಮಾಡಿದೆ. ಇನ್ನೊಮ್ಮೆ ಮಾಡಿದೆ.
ಟೇಪು ಕೊನೆಯವರೆಗೂ ಓಡಿತು:
ಆ ಮನೆಯವರು ಎಂಟು ಹೆಸರು ಹೇಳಿದರು,
ಎಂಟೂ ತಪ್ಪು.
ನಗು, ಬಾಗಿಲು, ಹಿಮದಲ್ಲಿ ದೂರವಾದ ಹೆಜ್ಜೆ.
ಯಾರೂ ಎತ್ತಿಸದ ಪರದೆ.

ಬರೆದೆ: ಗುರುತು ಹತ್ತಿಲ್ಲ.

ಆಂಬ್ರೋಸ್ ಹೆಗಲ ಮೇಲಿಂದ ಇಣುಕಿದ,
ಬೂಟನ್ನು ನೋಡಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.
"ಯಾರಿರಬಹುದು?"

ಯಾರೋ, ಎಂದೆ,
ಉಸಿರು ಒಳಗೆಳೆದುಕೊಂಡು.