ಕರ್ಮಣಿ

ಹತ್ತನೇ ಕ್ಲಾಸು 'ಬಿ', ಕಿರು ಪರೀಕ್ಷೆ, ಮೂವತ್ತೊಂದು ಉತ್ತರ ಪತ್ರಿಕೆ.
ಬಂದರಿನಿಂದ ಬೆಂಗ್ರೆಗೆ ಸಂಜೆಯ ದೋಣಿ
ಇನ್ನೂ ಹತ್ತು ಜನ ಬರಲಿ ಎಂದು ಕಾಯುತ್ತಿದೆ.
ಮಡಿಲಲ್ಲೇ ತಿದ್ದುತ್ತೇನೆ, ಕೆಂಪು ಪೆನ್ನು ಜಾರುತ್ತದೆ.

ನಾಲ್ಕನೇ ಪ್ರಶ್ನೆ. ಬಿಟ್ಟ ಸ್ಥಳ ತುಂಬಿರಿ:
ಪ್ಲಾಸ್ಟಿಕ್ ವೇಸ್ಟ್, ಒಂದು ಗೆರೆ, ಇನ್‌ಟು ದ ರಿವರ್.
ಕ್ರಿಯಾಪದ ಥ್ರೋ. ಅಂಕ ಒಂದು.
ಉತ್ತರ ನಾನೇ ಬೋರ್ಡಿನ ಮೇಲೆ ಬರೆದುಕೊಟ್ಟದ್ದು:
ಈಸ್ ಥ್ರೋನ್.
ಎಸೆಯಲ್ಪಡುತ್ತದೆ.
ಕನ್ನಡದಲ್ಲಿ ಯಾರ ಬಾಯಿಗೂ ಒಗ್ಗದ ಮಾತು.
ಮೀನು ಮಾರ್ಕೆಟಿನಲ್ಲಿ ಯಾರಾದರೂ ಹೇಳಿದ್ದುಂಟೇ,
'ಬಂಗುಡೆ ನನ್ನಿಂದ ಕೊಯ್ಯಲ್ಪಟ್ಟಿತು' ಎಂದು?
ಇಂಗ್ಲಿಷಿನಲ್ಲಿ ಮಾತ್ರ ಅದು ಇಸ್ತ್ರಿ ಹಾಕಿದ ಅಂಗಿ;
ತೋಳಿದೆ, ಒಳಗೆ ಕೈ ಇಲ್ಲ.

ಆರು ಮಂದಿ ಆರ್ ಥ್ರೋನ್ ಬರೆದಿದ್ದಾರೆ. ತಪ್ಪು.
ವೇಸ್ಟ್ ಎಣಿಸಲಾಗದ ನಾಮಪದ,
ಮರಳಿನ ಹಾಗೆ, ಅಕ್ಕಿಯ ಹಾಗೆ,
ರಾಶಿ ಬಿದ್ದರೂ ಏಕವಚನ ಎಂದು
ಜೂನಿನಲ್ಲೇ ಹೇಳಿಕೊಟ್ಟಿದ್ದೆ.
ಆಗ ಎದ್ದು ನಿಂತವಳು ಸಫ್ರೀನಾ:
'ಉಮ್ಮ ಎಣಿಸ್ತಾರೆ ಟೀಚರ್, ಒಣಕಸದ ಶೆಡ್ಡಲ್ಲಿ.
ಬಾಟ್ಲಿ ಬೇರೆ, ಹಾಲಿನ ತೊಟ್ಟೆ ಬೇರೆ, ಮುಚ್ಚಳ ಬೇರೆ ಗೋಣಿಗೆ.
ಐವತ್ತು ಬಾಟ್ಲಿ ಆದ್ರೆ ಒಂದು ಕಿಲೋ.'
ಕ್ಲಾಸು ನಕ್ಕಿತು. ನಾನೂ ಸ್ವಲ್ಪ.
ಪರೀಕ್ಷೆಗೆ ಏಕವಚನವೇ ಬರಿ ಮಾರಾಯ್ತಿ, ಅಂದೆ.

ಈಗ ಅವಳದೇ ಪತ್ರಿಕೆ ಮೇಲೆ ಬಂದಿದೆ.
ಗೆರೆಯನ್ನು ಖಾಲಿ ಬಿಟ್ಟು, ಕೆಳಗೊಂದು ಬಾಣ ಹಾಕಿ,
ನನ್ನ ವಾಕ್ಯವನ್ನೇ ತಿರುಗಿಸಿದ್ದಾಳೆ:
ದ ರಿವರ್ ಈಸ್ ಥ್ರೋಯಿಂಗ್ ಪ್ಲಾಸ್ಟಿಕ್ ಇನ್‌ಟು ಅವರ್ ಹೌಸ್.
ಕೇಳಿದ್ದಕ್ಕೆ ಉತ್ತರ ಅಲ್ಲ. ತಪ್ಪು ಹುಡುಕಿದೆ.
ಕರ್ತೃ ಇದೆ. ಕಾಲವೂ ಸರಿಯೇ:
ಆಗಸ್ಟ್, ಭರತದ ನೀರು ಅಂಗಳ ಹತ್ತುವ ವಾರ,
ನಮ್ಮ ಮನೆ ತುಸು ಎತ್ತರದಲ್ಲಿದೆ,
ಅವಳದು ನದಿಗೆ ಬೆನ್ನು ಕೊಟ್ಟು ಕೂತದ್ದು.
ಅರ್ಧ ಅಂಕ ಹಾಕಿದೆ, ಹೊಡೆದೆ, ಮತ್ತೆ ಹಾಕಿದೆ.

ದೋಣಿ ಹೊರಟಿತು. ಹಸಿವು.
ಗೂಡಂಗಡಿಯ ಹುರಿಗಡಲೆ ಮುಗಿಸಿ
ತೊಟ್ಟೆಯನ್ನು...
ಕೈ ಗೊತ್ತಲ್ಲ, ಅದು ವ್ಯಾಕರಣ ಕೇಳುವುದಿಲ್ಲ.

'ಟೀಚರ್, ಅದಕ್ಕೆ ಯಾವ ಫಾರ್ಮ್?'
ಮಂಜುಗಡ್ಡೆಯ ಪೆಟ್ಟಿಗೆಗಳ ಆಚೆ, ಮೊಣಕಾಲ ಮೇಲೆ ಚೀಲ,
ಅವಳೇ. ಎಷ್ಟು ಹೊತ್ತಿನಿಂದ ಕೂತಿದ್ದಳೋ.
ಪ್ರಶ್ನೆ ಕೇಳಿದರೆ ಸಾಕು, ಇಪ್ಪತ್ತು ವರ್ಷದ ಅಭ್ಯಾಸ,
ಉತ್ತರ ಬಾಯಿಗೆ ಬಂದುಬಿಡುತ್ತದೆ:
ವಾಸ್ ಥ್ರೋನ್.
ಅವಳು ನಗಲಿಲ್ಲ.
ಐ ಥ್ರೂ, ಅಂದೆ. ಭೂತಕಾಲ. ಆಗಿ ಮುಗಿದದ್ದು.
'ಒಂದೇ ಸಲವಾ?'

ಕನ್ನಡದಲ್ಲಿ ಬರೆದರೆ ಥ್ರೂ ಮತ್ತು ಥ್ರೋ
ಕಾಗುಣಿತದಲ್ಲಿ ಒಂದೆರಡು ಮನೆ ಅಷ್ಟೇ ದೂರ.
ದಿನವೂ ಮಾಡುವುದಕ್ಕೆ ಸಾದಾ ವರ್ತಮಾನ,
ಸೂರ್ಯ ಮೂಡುತ್ತಾನೆ, ರವಿ ಹಲ್ಲುಜ್ಜುತ್ತಾನೆ,
ನನ್ನದೇ ಉದಾಹರಣೆಗಳು.
ಬಾಯಿ ತೆರೆದೆ. ಎಂಜಿನ್ನಿನ ಸದ್ದು ಜೋರಿತ್ತು,
ಕೇಳಿಸಿತೋ ಇಲ್ಲವೋ.

ನೀರು ಏರುತ್ತಿತ್ತು. ತೊಟ್ಟೆ ಒಮ್ಮೆ ಉಬ್ಬಿ
ನಮಗಿಂತ ನಿಧಾನವಾಗಿ
ನಾವು ಹೋಗುವ ಕಡೆಗೇ ಬರುತ್ತಿತ್ತು.

ದಡ ತಾಗುವ ಮೊದಲು
ಅವಳ ಅರ್ಧವನ್ನು ಒಂದು ಮಾಡಿದೆ.
ಲಂಚದ ಹಾಗೆ ಕಂಡಿತು.
ಹಾಗೇ ಬಿಟ್ಟೆ.