ಚಾನೆಲ್ ನೂರು

ವಾಲ್ಪರೈಸೊ. ಬರೋನ್ ಗುಡ್ಡದ ನೂರಾ ನಲವತ್ತು ಮೆಟ್ಟಿಲು
ಒಂದೇ ವಾರದಲ್ಲಿ ಮೂರನೇ ಸಲ ಹತ್ತುತ್ತಿದ್ದೇನೆ.
ಚೀಲದಲ್ಲಿ ಎರಡು ಕೇಬಲ್ಲು, ಒಂದು ಸ್ಕ್ರೂಡ್ರೈವರ್,
ಆಗಲೇ ಅರ್ಧ ಖರ್ಚಾದ ಮರ್ಯಾದೆ.

ಒಯಾರ್ಸೂನ್ ಅಕ್ಕತಂಗಿಯರ ಮನೆ.
ಗೋಡೆಗೆ ಅಲೆಅಲೆ ತಗಡು, ಸಾಸಿವೆ ಹೂವಿನ ಬಣ್ಣ,
ಬಂದರಿನ ಕಡೆಗೆ ಒಂದೇ ಒಂದು ಕಿಟಕಿ.
ಅಕ್ಕ ಎದುವಿಹಿಸ್ ಕಿವಿಗೆ ಹೆಡ್‌ಫೋನ್ ಹಾಕಿ
ಕೋರ್ಟಿನ ಹೇಳಿಕೆಗಳನ್ನು ಟೈಪು ಮಾಡುತ್ತಾಳೆ.
ತಂಗಿ ಒರ್ತೆನ್ಸಿಯಾ, ಪುಂತಾ ಅರೆನಾಸಿನ ಯಾರೋ ದಂತವೈದ್ಯನ ಜೊತೆ
ದುಡ್ಡು ಕಟ್ಟಿ ಚೆಸ್ ಆಡುತ್ತಾಳೆ.
ಎರಡು ಲ್ಯಾಪ್‌ಟಾಪು, ಒಂದು ರೌಟರು.
ಇದ್ದಕ್ಕಿದ್ದಂತೆ ಎರಡೂ ಒಟ್ಟಿಗೆ ಕೈಕೊಡುತ್ತವೆ.
"ಆ ರಾತ್ರಿ ನಾನು ಕಂಡದ್ದು" ಎಂದ ಸಾಕ್ಷಿ
ತೆರೆದ ಬಾಯಿ ತೆರೆದೇ ನಿಲ್ಲುತ್ತಾನೆ.
ಗೆಲ್ಲುವ ಆಟದಲ್ಲಿ ಒರ್ತೆನ್ಸಿಯಾಳ ಗಡಿಯಾರ ಸೋಲುತ್ತದೆ.
"ನೀನೇ ಏನೋ ಒತ್ತಿದೆ."
"ನಾನಲ್ಲ, ನೀನು."
ಅರವತ್ತು ವರ್ಷದ ಜಗಳಕ್ಕೆ ಹೊಸದೊಂದು ನೆಪ.

ಮೊದಲ ದಿನ ಎಲ್ಲರೂ ಮಾಡುವುದನ್ನೇ ಮಾಡಿದೆ.
ಆರಿಸಿದೆ, ಹತ್ತು ಎಣಿಸಿ ಹಚ್ಚಿದೆ.
ಬ್ಯಾಟರಿ ಉಳಿಸಲೆಂದು ವೈಫೈಗೆ ಜೋಗುಳ ಹಾಡುವ
ಆ ಪುಟ್ಟ ಚೌಕದ ಟಿಕ್ಕು ತೆಗೆದೆ.
ಎರಡನೇ ದಿನ ಡ್ರೈವರ್ ಬದಲಿಸಿದೆ,
ಮೈಕ್ರೋವೇವಿನ ನೆತ್ತಿಯಿಂದ ರೌಟರನ್ನು ಇಳಿಸಿ
ಕಿಟಕಿಯ ಪಕ್ಕಕ್ಕೆ ವರ್ಗ ಮಾಡಿದೆ.
ತಗಡಿಗೆ ಬೈದೆ. ಕಂಪನಿಗೆ ಬೈದೆ.
ಚಹಾ ಕುಡಿದು ದುಡ್ಡು ಎಣಿಸಿಕೊಂಡೆ.
ಮರುದಿನವೇ ಫೋನು: "ನೀನು ಬಂದುಹೋದ ಮೇಲೆ ಜಾಸ್ತಿಯಾಗಿದೆ."

ಇವತ್ತು ಏನನ್ನೂ ಮುಟ್ಟುವುದಿಲ್ಲ, ಓದುತ್ತೇನೆ ಅಷ್ಟೇ, ಎಂದೆ.
ರೌಟರಿನ ಹೊಟ್ಟೆಯೊಳಗೊಂದು ದಿನಚರಿ ಇರುತ್ತದೆ,
ಯಾರೂ ತೆರೆದು ನೋಡದ್ದು.
ಬುಧವಾರ ಹತ್ತು ನಲವತ್ತೊಂದು. ಚಾನೆಲ್ ನೂರು.
ರೇಡಾರ್ ಕೇಳಿಸಿತು. ಜಾಗ ಖಾಲಿ ಮಾಡಿದೆ.
ಗುರುವಾರ ನಾಲ್ಕು ಹದಿನೆಂಟು. ರೇಡಾರ್ ಕೇಳಿಸಿತು.
ಗುರುವಾರ ಮತ್ತೆ.

ಒರ್ತೆನ್ಸಿಯಾ ಮಾತಿಲ್ಲದೆ ಎದ್ದು ಹೋಗಿ
ಗ್ಯಾಸ್ ಅಂಗಡಿಯ ಕ್ಯಾಲೆಂಡರು ಕಿತ್ತು ತಂದಳು.
ಚೌಕಚೌಕದಲ್ಲೂ ಪೆನ್ಸಿಲಿನ ಇರುವೆ ಅಕ್ಷರ:
ಯಾವ ಹಡಗು, ಎಷ್ಟು ಹೊತ್ತಿಗೆ.
"ದಂತವೈದ್ಯ ಯೋಚನೆ ಮಾಡುವಾಗ ನಾನೇನು ಮಾಡಲಿ?"
ಬುಧವಾರ ಹತ್ತೂಮುಕ್ಕಾಲು: ನೌಕಾಪಡೆಯ ಬೂದು ಹಡಗು.
ಗುರುವಾರ, ಅದೇ, ಹೊರಗೆ. ಅದೇ, ಒಳಗೆ.

ಹೀಗೆ ಹೇಳಿ ಅರ್ಥಮಾಡಿಸಿದೆ:
ಆ ಗಾಳಿಪಟ್ಟಿ ರೇಡಾರಿನ ಸ್ವತ್ತು, ನಾವು ಬರೀ ಬಾಡಿಗೆಯವರು.
ಯಜಮಾನನ ಕೆಮ್ಮು ಕೇಳಿದೊಡನೆ ಎದ್ದು ಹೋಗಬೇಕು.
ತಗಡಿನ ಮರೆಯಲ್ಲಿ ಒಂದಿಷ್ಟು ಕೇಳದೆ ಇತ್ತು ಪಾಪ,
ನಾನು ಒಯ್ದು ಅದರ ಕಿವಿಯನ್ನು ಕಿಟಕಿಗೇ ಹಚ್ಚಿಟ್ಟೆ.
ಹೊಸ ಜಾಗಕ್ಕೆ ಹೋದ ಮೇಲೂ ತಕ್ಷಣ ಮಾತಿಲ್ಲ.
ಒಂದು ನಿಮಿಷ, ಪೂರ್ತಿ ಒಂದು ನಿಮಿಷ,
ಇನ್ನಾರಾದರೂ ಇದ್ದಾರೆಯೇ ಎಂದು ಕೇಳಿಸಿಕೊಳ್ಳಬೇಕು.
ಆಮೇಲೆ ಬಾಯಿ.

ಎದುವಿಹಿಸ್ ತಂಗಿಯ ಮುಖವನ್ನೇ ನೋಡುತ್ತ,
"ಒಂದು ನಿಮಿಷ ಕೇಳಿಸಿಕೊಂಡು ಆಮೇಲೆ ಮಾತು?
ಈ ಮನೆಯಲ್ಲಿ?" ಎಂದಳು.

ರೌಟರನ್ನು ಚಾನೆಲ್ ಮೂವತ್ತಾರಕ್ಕೆ ಕಟ್ಟಿಹಾಕಿದೆ.
ಅಲ್ಲಿ ಹಡಗುಗಳ ದರ್ಬಾರು ಇಲ್ಲ.
ಈ ಸಲ ದುಡ್ಡು ಬೇಡವೆಂದೆ. ಅವರೂ ಒತ್ತಾಯ ಮಾಡಲಿಲ್ಲ.

ಹದಿನೈದು ದಿನದ ಮೇಲೆ ಮತ್ತೆ ಫೋನು.
ಎದೆ ಧಸಕ್ಕೆಂದಿತು, ಮೊಣಕಾಲು ಮೆಟ್ಟಿಲು ಎಣಿಸತೊಡಗಿತು.
"ಇಲ್ಲ ಇಲ್ಲ, ಸರಿಯಾಗಿದೆ," ಎದುವಿಹಿಸಳ ದನಿ,
"ಸಾಕ್ಷಿಗಳೆಲ್ಲ ಈಗ ವಾಕ್ಯ ಮುಗಿಸುತ್ತಾರೆ.
ಇವಳು ನಾಲ್ಕು ಆಟ ಸೋತಳು,
ಸೋತದ್ದು ಸೋತದ್ದೇ ಅಂತ ಈಗ ಗೊತ್ತಾಗುತ್ತಿದೆ."
ಹಿಂದಿನಿಂದ ಇನ್ನೊಂದು ದನಿ, ಕಿಟಕಿಯ ಹತ್ತಿರದಿಂದ ಇರಬೇಕು:
"ಆ ನೂರನ್ನು ವಾಪಸ್ ಹಾಕೋಕೆ
ಎಷ್ಟು ತಗೊಳ್ತೀಯ ಕೇಳು."