ಕೈ ಎತ್ತಿದಾಗೆಲ್ಲ

ಅಣ್ಣ ಕೊಡಿಸಿದ್ದಲ್ಲ, ಗಂಡ ಕೊಡಿಸಿದ್ದಲ್ಲ,
ದಸರೆಯ ಬೋನಸ್ಸಿನಲ್ಲಿ ನಾನೇ ಕೊಂಡ ವಾಚು.
ಡಬ್ಬಿಯ ಮೇಲೆ ಏಳು ದಿನ ಅಂತ ಬರೆದಿತ್ತು.
ಕೌಲ್ ಬಜಾರಿನ ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ
ಬುತ್ತಿ ಬಿಚ್ಚುವ ಹೊತ್ತಿಗೇ ಕಣ್ಣು ಮುಚ್ಚುತ್ತಿತ್ತು.

"ಬೆಳಕು ಇಳಿಸು" ಅಂದ ಕಾಜಾ ಹಾಕುವ ರುದ್ರಮುನಿ.
ಇಳಿಸಿದೆ.
"ಎದೆಬಡಿತ ನೋಡೋದು ಬಂದ್ ಮಾಡಕ್ಕಾ,
ನಿನ್ನ ಎದಿ ಎಲ್ಲಿಗೆ ಓಡಿಹೋಗ್ತದೆ?"
ಬಂದ್ ಮಾಡಿದೆ.
ಸಂಘದ ಗುಂಪಿನ ಶುಭೋದಯಗಳನ್ನು, ಗುಲಾಬಿಗಳನ್ನು
ಮಣಿಕಟ್ಟಿನ ತನಕ ಬರಬೇಡಿರೆಂದು ಫೋನಿನಲ್ಲೇ ತಡೆದೆ.
ಮೊಬೈಲ್ ಅಂಗಡಿಯ ಮಾಬುಸಾ ಬೆನ್ನು ತಿರುವಿ ನೋಡಿ,
ಚಾರ್ಜಿನ ಎರಡು ಹಲ್ಲಿಗೆ ಹತ್ತಿದ್ದ
ನೀಲಿ ನೂಲಿನ ಧೂಳನ್ನು ಹಳೇ ಬ್ರಷ್ಷಿನಿಂದ ಉಜ್ಜಿ,
ಎಲ್ಲ ಅಳಿಸಿ, ಹೊಸದಾಗಿ ಹುಟ್ಟಿಸಿ ಕೊಟ್ಟ.
ಮರುದಿನ ಮತ್ತೆ ಬುತ್ತಿಯ ಹೊತ್ತಿಗೆ
ಕರೀ ಗಾಜು. ಅದರಲ್ಲಿ ನನ್ನದೇ ಮೂಗು.

"ಬಿಸಿಲಿಗಮ್ಮಾ" ಅಂದ ಕಡೆಗೆ.
ಬಳ್ಳಾರಿಯಲ್ಲಿ ಯಾವುದಕ್ಕೂ ಉತ್ತರ ಸಿಗದಿದ್ದರೆ
ಬಿಸಿಲು ಇದ್ದೇ ಇದೆ.

ಬುಧವಾರ ಕರೆಂಟು ಹೋಯಿತು.
ನಲವತ್ತು ಮಿಷಿನ್ನು ಒಮ್ಮೆಗೇ ಬಾಯಿ ಮುಚ್ಚಿದವು.
ಫ್ಯಾನು ಸೋಮಾರಿಯಾಗಿ ಇನ್ನೆರಡು ಸುತ್ತು ತಿರುಗಿ ನಿಂತಿತು.
ಕಿಟಕಿಯಿಲ್ಲದ ಗೋದಾಮಿನ ಕತ್ತಲಲ್ಲಿ
ಪ್ಯಾಂಟಿನ ಗುಡ್ಡೆಗೆ ಒರಗಿ
ಹಣೆ ಒರೆಸಲು ಕೈ ಎತ್ತಿದೆ.
ಫಕ್ಕನೆ ಬೆಳಕು.
ಇಳಿಸಿದೆ. ಆರಿತು.
ಎತ್ತಿದೆ. ಹತ್ತಿತು.

ಅಯ್ಯೋ ಹುಚ್ಚಪ್ಪಾ!
ಜೇಬು ತಿರುಗಿಸಿ ಮೂಲೆ ಹೊಲಿವಾಗ,
ದಾರ ಕಡಿವಾಗ, ಪೀಸು ಅತ್ತ ಎಸೆವಾಗ,
ಮಣಿಕಟ್ಟು ಮೇಲೆದ್ದಾಗೆಲ್ಲ
ಇವಳು ವೇಳೆ ಕೇಳುತ್ತಿದ್ದಾಳೆಂದು
ಎದ್ದು ಕೂತು ಹೇಳುತ್ತಿದ್ದೆಯಾ?
ಸಾವಿರ ಸಲ ಹೇಳಿರಬೇಕು ನೀನು,
ಸಾವಿರ ಸಲವೂ ನಾನು ಸೂಜಿಯನ್ನೇ ನೋಡುತ್ತಿದ್ದೆ.

ಕೈ ಎತ್ತಿದರೆ ಏಳುವುದನ್ನು ಬಂದ್ ಮಾಡಿದೆ.
ಈಗ ಐದು ದಿನ ಬರುತ್ತದೆ, ಆರನೆಯದೂ ಅರ್ಧ.
ವೇಳೆ ಬೇಕಾದರೆ ಗುಂಡಿ ಒತ್ತಿ ಕೇಳುತ್ತೇನೆ.

ಹೆಜ್ಜೆ ಎಣಿಸುವುದೂ ಬ್ಯಾಟರಿ ತಿನ್ನುತ್ತದಂತೆ.
ನಿನ್ನೆ ಹನ್ನೊಂದು ಸಾವಿರದ ನಾನೂರು ತೋರಿಸಿತು,
ಸ್ಟೂಲು ಬಿಟ್ಟು ಎದ್ದದ್ದು ಎರಡೇ ಸಲ.
"ಸುಳ್ಳು ಲೆಕ್ಕ ಸುಂಕಮ್ಮಕ್ಕಾ, ತೆಗಿ ಅದನ್ನ" ಅಂತಾನೆ ರುದ್ರಮುನಿ.
ನಿನ್ನೆ ನಾನು ಹೊಲಿದದ್ದು ಮುನ್ನೂರಾ ಹತ್ತು ಜೇಬು.
ಮೇಸ್ತ್ರಿಯ ಪುಸ್ತಕದಲ್ಲಿ ಇನ್ನೂರಾ ಎಂಬತ್ತು.
ಇರಲಿ ಬಿಡು, ಅಂದೆ,
ಅದೂ ಎಣಿಸಲಿ.